ಮನೆಯ ವೈಫೈನಲ್ಲಿ ವಿಪಿಎನ್ ನಿಲ್ಲುತ್ತಿಲ್ಲವೇ? ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಬೆಂಗಳೂರಿನ ಕೆಲಸವನ್ನು ತೀರ್ಥಹಳ್ಳಿಯ ಜಗಲಿಯಲ್ಲೋ ಶಿವಮೊಗ್ಗದ ವಿನೋಬನಗರದ ಮಹಡಿಯಲ್ಲೋ ಕೂತು ಮಾಡುವವರು ಈಗ ಊರಿಗೊಬ್ಬರಾದರೂ ಇದ್ದಾರೆ. ಅವರ ದೂರು ಹೆಚ್ಚೂ ಕಡಿಮೆ ಒಂದೇ: ನೆಟ್ ಇದೆ, ವಿಪಿಎನ್ (ಮನೆಯಿಂದ ಆಫೀಸಿನ ಜಾಲಕ್ಕೆ ಸೇರಿಸುವ ಸುರಕ್ಷಿತ ಸಂಪರ್ಕ) ನಿಲ್ಲುವುದಿಲ್ಲ, ಪದೇ ಪದೇ ಕಟ್ ಆಗುತ್ತದೆ. ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರೂ ಇದನ್ನೇ ಕೇಳುತ್ತಾರೆ. ಅವರೆಲ್ಲರಿಗಾಗಿ ಈ ಉತ್ತರಗಳು. ಮೊದಲಿಗೆ ಒಂದು ಮಾತು: ತೊಂದರೆ ದಾರಿಯ ಯಾವ ಭಾಗದಲ್ಲಿದೆ ಅಂತ ಗೊತ್ತಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ, ಹೊಸ ರೂಟರಿಗೆ ದುಡ್ಡೂ ಹಾಕಬೇಡಿ. ಒಂದೇ ಸಲಕ್ಕೆ ನಾಲ್ಕು ಬದಲಾವಣೆ ಮಾಡಿದರೆ ಸರಿಯಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಅಂತ ಕೊನೆಗೂ ತಿಳಿಯುವುದಿಲ್ಲ.

ಯೂಟ್ಯೂಬ್ ಚೆನ್ನಾಗಿ ಓಡುತ್ತದೆ. ಅಂದಮೇಲೆ ನೆಟ್ ಸರಿ ಇದೆ ಅಂತ ತಾನೇ?

ಹಾಗೇನಿಲ್ಲ. ಯೂಟ್ಯೂಬ್ ಮುಂದೆ ಬೇಕಾಗುವ ವಿಡಿಯೋವನ್ನು ಸ್ವಲ್ಪ ಮೊದಲೇ ಇಳಿಸಿಟ್ಟುಕೊಂಡಿರುತ್ತದೆ. ನಡುವೆ ಐದಾರು ಸೆಕೆಂಡ್ ನೆಟ್ ಹೋಗಿ ಬಂದರೂ ನಿಮಗೆ ಗೊತ್ತಾಗುವುದಿಲ್ಲ. ವಿಪಿಎನ್‌ಗೆ ಆ ಅನುಕೂಲ ಇಲ್ಲ. ನಿಮ್ಮ ಲ್ಯಾಪ್‌ಟಾಪಿಗೂ ಆಫೀಸಿನ ಸರ್ವರಿಗೂ ನಡುವೆ ಒಂದು ಸಂಪರ್ಕ ಬಿಡದೆ ನಿಂತಿರಬೇಕು. ಎರಡೂ ಕಡೆ 'ಇದ್ದೀಯಾ?' ಅಂತ ಆಗಾಗ ಸಣ್ಣ ಪ್ಯಾಕೆಟ್ (ಮಾಹಿತಿಯ ತುಣುಕು) ಕಳಿಸಿ ವಿಚಾರಿಸಿಕೊಳ್ಳುತ್ತಿರುತ್ತವೆ. ನಾಲ್ಕಾರು ಸಲ ಉತ್ತರ ಬರದೇ ಹೋದರೆ ಆಚೆಯ ಸರ್ವರ್ ಸಂಪರ್ಕ ಮುಗಿಯಿತು ಅಂತಲೇ ತೀರ್ಮಾನ ಮಾಡುತ್ತದೆ.

ಸ್ಪೀಡ್ ಟೆಸ್ಟ್ ನಂಬಿ ಕೂರಬೇಡಿ. 100 ಎಂಬಿಪಿಎಸ್ ತೋರಿಸುವ ಲೈನಿನಲ್ಲೂ ಆಗೊಮ್ಮೆ ಈಗೊಮ್ಮೆ ಪ್ಯಾಕೆಟ್ ಕಳೆದುಹೋಗುತ್ತಿರಬಹುದು. ಅರ್ಧ ನಿಮಿಷದ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುವುದಿಲ್ಲ. ವಿಪಿಎನ್‌ಗೆ ಬೇಕಾಗಿರುವುದು ವೇಗಕ್ಕಿಂತ ಹೆಚ್ಚಾಗಿ ನಿಲುಗಡೆಯಿಲ್ಲದ ಲೈನು. ಹತ್ತು ಎಂಬಿಪಿಎಸ್ ಇದ್ದರೂ ಬಿಡದೆ ಬರುವ ಲೈನಿನಲ್ಲಿ ಆಫೀಸ್ ಕೆಲಸ ಆರಾಮಾಗಿ ನಡೆಯುತ್ತದೆ.

ತೊಂದರೆ ಎಲ್ಲಿದೆ ಅಂತ ಕಂಡುಹಿಡಿಯುವುದು ಹೇಗೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನೇ ಓದಿ.

ದಾರಿಯಲ್ಲಿ ಮೂರು ಭಾಗ. ಲ್ಯಾಪ್‌ಟಾಪಿನಿಂದ ರೂಟರ್ ಒಂದು. ರೂಟರಿನಿಂದ ನೆಟ್ ಕಂಪನಿಯ ಜಾಲ ಎರಡು. ಅಲ್ಲಿಂದ ಆಫೀಸಿನ ವಿಪಿಎನ್ ಸರ್ವರ್ ಮೂರು. ಯಾವುದು ತುಂಡಾಗುತ್ತಿದೆ ಅಂತ ಪಿಂಗ್ ಹೇಳುತ್ತದೆ. ಅದು ಒಂದು ವಿಳಾಸಕ್ಕೆ ಸಣ್ಣ ಪ್ಯಾಕೆಟ್ ಕಳಿಸಿ, ಉತ್ತರ ಎಷ್ಟು ಹೊತ್ತಿಗೆ ಬಂತು ಅಂತ ತೋರಿಸುವ ಕಮಾಂಡ್.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಮೊದಲು 'ಐಪಿಕಾನ್ಫಿಗ್' (ipconfig) ಅಂತ ಟೈಪ್ ಮಾಡಿ. 'ಡಿಫಾಲ್ಟ್ ಗೇಟ್‌ವೇ' ಎದುರಿಗೆ ಬರುವ ನಂಬರೇ ನಿಮ್ಮ ರೂಟರಿನ ವಿಳಾಸ. ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಈಗ 'ಪಿಂಗ್ -ಟಿ 192.168.1.1' (ping -t 192.168.1.1) ಅಂತ ಕೊಡಿ. ಪಕ್ಕದಲ್ಲೇ ಇನ್ನೊಂದು ಕಿಟಕಿ ತೆರೆದು 'ಪಿಂಗ್ -ಟಿ 8.8.8.8' ಕೊಡಿ. ಇದು ಹೊರಗಿನ ಗೂಗಲ್ ಸರ್ವರಿನ ವಿಳಾಸ. ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರವೇ ಬೇಕು. ಎರಡನ್ನೂ ಹಾಗೇ ಓಡಲು ಬಿಡಿ, ಒಂದು ಗಂಟೆಯಾದರೂ.

ಒಂದು ಎಚ್ಚರಿಕೆ. ಅನೇಕ ಕಂಪನಿಗಳ ವಿಪಿಎನ್ ಆನ್ ಆದರೆ ಎಲ್ಲ ಪ್ಯಾಕೆಟ್ಟೂ ಆಫೀಸಿನ ಮೂಲಕವೇ ಹೋಗುತ್ತದೆ, 8.8.8.8ಕ್ಕೆ ಹೋಗುವುದು ಕೂಡ. ಆಗ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಹಾಗಾಗಿ ವಿಪಿಎನ್ ಆಫ್ ಮಾಡಿ ಪಿಂಗ್ ಓಡಿಸಿ. ಇಲ್ಲವೇ ಅದೇ ವೈಫೈನಲ್ಲಿರುವ ಇನ್ನೊಂದು ಕಂಪ್ಯೂಟರಿನಲ್ಲಿ ಪಿಂಗ್ ಹಚ್ಚಿ, ನಿಮ್ಮದರಲ್ಲಿ ಎಂದಿನಂತೆ ಕೆಲಸ ಮಾಡಿ. ಎರಡನೆಯದೇ ಒಳ್ಳೆಯದು. ವಿಪಿಎನ್ ಕಟ್ ಆದ ಕ್ಷಣದಲ್ಲೇ ಆ ಪರದೆ ನೋಡಬಹುದು.

ರೂಟರಿನ ಪಿಂಗ್ 2, 3, 5 ಮಿಲಿಸೆಕೆಂಡ್ ಅಂತ ಸಾಲಾಗಿ ಬರುತ್ತಿದ್ದರೆ ವೈಫೈ ಚೆನ್ನಾಗಿದೆ. ನಡುವೆ 300, 700 ಅಂತ ಜಿಗಿದರೆ, ಅಥವಾ 'ರಿಕ್ವೆಸ್ಟ್ ಟೈಮ್ಡ್ ಔಟ್' ಬಂದರೆ ಮನೆಯೊಳಗಿನ ವೈಫೈನದೇ ತೊಂದರೆ. ರೂಟರ್ ಸರಿಯಾಗಿದ್ದು 8.8.8.8 ಮಾತ್ರ ತಪ್ಪಿದರೆ ಲೈನಿನ ತೊಂದರೆ. ಎರಡೂ ಸರಿಯಾಗಿದ್ದು ವಿಪಿಎನ್ ಮಾತ್ರ ಬಿದ್ದರೆ ರೂಟರಿನ ಸೆಟ್ಟಿಂಗ್, ವಿಪಿಎನ್ ಸೆಟ್ಟಿಂಗ್ ಅಥವಾ ಆಫೀಸು, ಈ ಮೂರರಲ್ಲಿ ಒಂದು.

ಇದರ ಮೇಲೆ ಇನ್ನೊಂದು ಖಾತ್ರಿ ಬೇಕಿದ್ದರೆ ಲ್ಯಾನ್ ಕೇಬಲ್ ಹಾಕಿ ಅರ್ಧ ದಿನ ಕೆಲಸ ಮಾಡಿ ನೋಡಿ. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ. ಕೇಬಲ್‌ನಲ್ಲಿ ನಿಂತು ವೈಫೈನಲ್ಲಿ ಬಿದ್ದರೆ ಇನ್ನು ಚರ್ಚೆಯೇ ಬೇಡ.

ತೊಂದರೆ ವೈಫೈನದೇ ಅಂತ ಗೊತ್ತಾಯಿತು. ಈಗೇನು?

ರೂಟರ್ ಎಲ್ಲಿದೆ ನೋಡಿ. ನಮ್ಮ ಕಡೆ ಅದು ಇರುವುದು ಒಂದೋ ಟಿವಿಯ ಹಿಂದೆ, ಇಲ್ಲವೇ ಗೋದ್ರೇಜ್ ಬೀರುವಿನ ಮೇಲೆ. ಫೈಬರ್ ತಂದವರು ಕಿಟಕಿಗೆ ಹತ್ತಿರದ ಪ್ಲಗ್ ಪಾಯಿಂಟ್ ನೋಡಿ ಇಟ್ಟು ಹೋಗಿರುತ್ತಾರೆ, ಆಮೇಲೆ ಯಾರೂ ಅದನ್ನು ಸರಿಸಿರುವುದಿಲ್ಲ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಇವೆಲ್ಲ ಸಿಗ್ನಲ್ ತಡೆಯುತ್ತವೆ. ಎದೆಮಟ್ಟಕ್ಕಿಂತ ಎತ್ತರದಲ್ಲಿ, ಗೋಡೆಗೆ ಮೊಳೆ ಹೊಡೆದು, ನೀವು ಕೂರುವ ಕೋಣೆಗೆ ಆದಷ್ಟು ಕಡಿಮೆ ಗೋಡೆ ಅಡ್ಡ ಬರುವಂತೆ ಇಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆಮೇಲೆ ಬ್ಯಾಂಡ್, ಅಂದರೆ ವೈಫೈ ಬಳಸುವ ರೇಡಿಯೋ ತರಂಗದ ಪಟ್ಟಿ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಗದ್ದಲ ಜಾಸ್ತಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ಬಂದರೆ ಸೋಲುತ್ತದೆ. ಎಲ್ಲರೂ 5 ಹಾಕಿ ಅನ್ನುತ್ತಾರೆ. ನನ್ನ ಪ್ರಕಾರ ಊರು ನೋಡಿ ನಿರ್ಧರಿಸಬೇಕು. ಶಿವಮೊಗ್ಗದ ದುರ್ಗಿಗುಡಿಯಂತೆ ಮನೆಗೆ ಮನೆ ಅಂಟಿಕೊಂಡಿರುವಲ್ಲಿ ಫೋನಿನಲ್ಲಿ ಹುಡುಕಿದರೆ ಇಪ್ಪತ್ತು ವೈಫೈ ಕಾಣುತ್ತವೆ. ಅಲ್ಲಿ 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಂಥ ಕಡೆ ರೂಟರ್ ಇರುವ ಕೋಣೆಯಲ್ಲೇ ಕೂತು 5 ಬಳಸಿ. ತೋಟದ ನಡುವಿನ ಒಂಟಿ ಮನೆಯಲ್ಲಿ ಪಕ್ಕದವರ ವೈಫೈ ಅಂತ ಒಂದೂ ಇರುವುದಿಲ್ಲ. ಅಲ್ಲಿ 2.4 ಶುದ್ಧವಾಗಿರುತ್ತದೆ. ಎರಡು ಗೋಡೆ ಆಚೆ ಕೂರುವುದಾದರೆ ಅದೇ ವಾಸಿ.

ಎರಡು ಬ್ಯಾಂಡಿಗೂ ಒಂದೇ ಹೆಸರಿದ್ದರೆ ಲ್ಯಾಪ್‌ಟಾಪ್ ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಹಾರುವ ಆ ಕ್ಷಣದಲ್ಲಿ ವಿಪಿಎನ್ ಬೀಳಬಹುದು. ಬೇರೆ ಬೇರೆ ಹೆಸರು ಕೊಟ್ಟು, ಕೆಲಸದ ಲ್ಯಾಪ್‌ಟಾಪಿಗೆ ಒಂದನ್ನು ಮಾತ್ರ ಕೊಡಿ. ಇನ್ನೊಂದನ್ನು 'ಫರ್ಗೆಟ್' ಮಾಡಿಸಿ. ಚಾನೆಲನ್ನು 'ಆಟೋ'ದಿಂದ ತೆಗೆದು ಕೈಯಿಂದಲೇ ಇಡಿ. 5ರಲ್ಲಿ 36ರಿಂದ 48ರ ಒಳಗಿನದು ಒಳ್ಳೆಯದು. 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೇಡಾರ್ ಸಂಕೇತ ಕಂಡಿತು ಅನ್ನಿಸಿದರೆ ರೂಟರ್ ತಾನಾಗಿ ಜಾಗ ಬಿಟ್ಟು ಓಡಬೇಕು, ಅದು ನಿಯಮ. ಮೀಟಿಂಗ್ ನಡುವೆ ಅದು ಓಡಿದರೆ ನಿಮ್ಮ ಸಂಪರ್ಕವೂ ಹೋಯಿತು.

ಸಿಗ್ನಲ್ ಎಷ್ಟಿದೆ ಅಂತ ನೋಡಲು ಫೋನಿನಲ್ಲಿ ಉಚಿತ ವೈಫೈ ಅನಲೈಸರ್ ಆ್ಯಪ್‌ಗಳಿವೆ. ನೀವು ಕೂರುವ ಜಾಗದಲ್ಲಿ -67 ಡಿಬಿಎಂ ಅಥವಾ ಅದಕ್ಕಿಂತ ಸೊನ್ನೆಗೆ ಹತ್ತಿರ ಇದ್ದರೆ ಒಳ್ಳೆಯದು. -75 ದಾಟಿ ಇಳಿದರೆ ಆ ಕುರ್ಚಿಯಲ್ಲಿ ಕೆಲಸ ಆಗುವುದಿಲ್ಲ.

ಹಳೇ ಮನೆ, ಮಣ್ಣಿನ ದಪ್ಪ ಗೋಡೆ. ನಾನು ಕೂರುವುದು ಉಪ್ಪರಿಗೆಯಲ್ಲಿ. ರಿಪೀಟರ್ ತರಲಾ?

ತರಬೇಡಿ ಅಂತಲೇ ಹೇಳುತ್ತೇನೆ. ಒಂದೇ ಬ್ಯಾಂಡಿನ ಅಗ್ಗದ ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧಕ್ಕಿಳಿಯುತ್ತದೆ, ತಡವೂ ಸೇರುತ್ತದೆ. ಅದನ್ನು ಸಿಗ್ನಲ್ ಇಲ್ಲದ ಜಾಗದಲ್ಲೇ ಸಿಕ್ಕಿಸುತ್ತಾರೆ ಬೇರೆ. ಅದಕ್ಕೇ ಸಿಗ್ನಲ್ ಸಿಗದಿದ್ದರೆ ನಿಮಗೆ ಏನು ಕೊಟ್ಟೀತು?

ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ಇರುವ ಮನೆಗೆ ತಂತಿಯೇ ಮದ್ದು. ಒಂದು ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಸರಾಗವಾಗಿ ಕೆಲಸ ಮಾಡುತ್ತದೆ. ಯಾವ ತೊಟ್ಟಿಮನೆಗೂ ಅಷ್ಟು ಸಾಕು. ತೊಲೆಯ ಮೇಲೆ, ಹಂಚಿನ ಕೆಳಗೆ ಎಳೆದರೆ ಕಾಣುವುದೂ ಇಲ್ಲ. ಇಲಿ ಕಾಟ ಇದ್ದರೆ ಪಿವಿಸಿ ಪೈಪಿನೊಳಗೆ ಹಾಕಿ. ಉಪ್ಪರಿಗೆಯ ತುದಿಯಲ್ಲಿ ಮೂಲೆಗೆ ಬಿದ್ದಿರುವ ಹಳೇ ರೂಟರನ್ನೇ ಆ್ಯಕ್ಸೆಸ್ ಪಾಯಿಂಟ್ (ಕೇಬಲಿನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹಂಚುವ ಪೆಟ್ಟಿಗೆ) ಮಾಡಬಹುದು: ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಸೆಟ್ಟಿಂಗ್) ಆಫ್ ಮಾಡಿ, ಅದರ ವಿಳಾಸವನ್ನು ಮೊದಲ ರೂಟರಿಗಿಂತ ಬೇರೆ ಮಾಡಿ, ಕೇಬಲನ್ನು ವ್ಯಾನ್ (ಹೊರಗಿನ ಲೈನಿನ) ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿ. ಚಾನೆಲ್ ಬೇರೆ ಇರಲಿ.

ತೋಟದಲ್ಲೋ ಅಂಗಳದಾಚೆಯ ಹೊಸ ಕಟ್ಟಡದಲ್ಲೋ ಆಫೀಸ್ ಕೋಣೆ ಮಾಡಿಕೊಂಡಿದ್ದರೆ ಮಾತ್ರ ತಾಮ್ರದ ಕೇಬಲ್ ಎಳೆಯಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹೊರಗೆ ಹಾದುಹೋಗುವ ಲ್ಯಾನ್ ಕೇಬಲ್ ಸಿಡಿಲಿನ ಹೊಡೆತವನ್ನು ಎರಡೂ ಮನೆಯೊಳಕ್ಕೆ ಕರೆದುಕೊಂಡು ಬರುತ್ತದೆ. ಹತ್ತಿರದಲ್ಲಿ ಎಲ್ಲೋ ಬಿದ್ದರೂ ಸಾಕು, ಪೋರ್ಟುಗಳು ಸುಟ್ಟುಹೋಗುತ್ತವೆ. ಹೊರಗಿನ ದಾರಿಗೆ ಉಕ್ಕಿನ ತಂತಿ ಇಲ್ಲದ ಫೈಬರ್ ಎಳೆದು ಎರಡೂ ತುದಿಗೆ ಫೈಬರನ್ನು ಲ್ಯಾನ್ ಕೇಬಲಿಗೆ ಸೇರಿಸುವ ಮೀಡಿಯಾ ಕನ್ವರ್ಟರ್ ಹಾಕಿಸಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ.

ಹತ್ತು ನಿಮಿಷ ಸುಮ್ನೆ ಬಿಟ್ಟು ಕಾಫಿ ಕುಡಿದು ಬಂದರೆ ವಿಪಿಎನ್ ಹೋಗಿರುತ್ತದೆ. ಯಾಕೆ?

ಮೂರು ಕಾರಣ ಇರಬಹುದು.

ಒಂದು, ಲ್ಯಾಪ್‌ಟಾಪ್ ತಾನೇ ನಿದ್ದೆ ಹೋಗಿದೆ, ಅಥವಾ ಬ್ಯಾಟರಿ ಉಳಿಸಲು ವೈಫೈ ಕಾರ್ಡನ್ನು ಮಲಗಿಸಿದೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ ಅಡಿಯಲ್ಲಿ ವೈಫೈ ಕಾರ್ಡ್ ಹುಡುಕಿ, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ 'ವಿದ್ಯುತ್ ಉಳಿಸಲು ಈ ಸಾಧನ ಆಫ್ ಮಾಡಬಹುದು' ಅನ್ನುವ ಅರ್ಥದ ಟಿಕ್ ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಟ್ಯಾಬ್ ಕಾಣುವುದಿಲ್ಲ. ಅಲ್ಲಿ ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ಸಮಯ ಹೆಚ್ಚಿಸಿ.

ಎರಡು, ರೂಟರ್ ಮರೆತಿದೆ. ಒಳಗಿನ ಯಾವ ಲ್ಯಾಪ್‌ಟಾಪ್ ಹೊರಗಿನ ಯಾರ ಜೊತೆ ಮಾತಾಡುತ್ತಿದೆ ಅಂತ ರೂಟರ್ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಇದನ್ನು ನ್ಯಾಟ್ ಪಟ್ಟಿ ಅನ್ನುತ್ತಾರೆ. ಯುಡಿಪಿ (ತಲುಪಿತೇ ಅಂತ ಕಾಯದೆ ಪ್ಯಾಕೆಟ್ ಕಳಿಸುವ ಬಗೆ) ಸಂಪರ್ಕದಲ್ಲಿ ಸ್ವಲ್ಪ ಹೊತ್ತು ಮಾತಿಲ್ಲದಿದ್ದರೆ, ಕೆಲವು ರೂಟರುಗಳಲ್ಲಿ 30 ಸೆಕೆಂಡೇ ಸಾಕು, ಆ ಸಾಲನ್ನು ಅಳಿಸಿಬಿಡುತ್ತದೆ. ಆಮೇಲೆ ಆಫೀಸಿನಿಂದ ಬಂದ ಪ್ಯಾಕೆಟ್ ಯಾರಿಗೆ ಕೊಡಬೇಕು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಪರಿಹಾರ ಸುಲಭ. ವಿಪಿಎನ್‌ನಲ್ಲಿ 'ಕೀಪ್‌ಅಲೈವ್' ಆನ್ ಮಾಡಿ. ವೈರ್‌ಗಾರ್ಡ್ ಅನ್ನುವ ಬಗೆಯ ವಿಪಿಎನ್ ಆದರೆ 'ಪರ್ಸಿಸ್ಟೆಂಟ್ ಕೀಪ್‌ಅಲೈವ್' ಎದುರಿಗೆ 25 ಅಂತ ಹಾಕಿ. 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಹೋಗುತ್ತದೆ, ಪಟ್ಟಿಯ ಸಾಲು ಉಳಿಯುತ್ತದೆ. ಕಂಪನಿ ಕೊಟ್ಟ ವಿಪಿಎನ್ ಆ್ಯಪ್‌ನಲ್ಲಿ ಈ ಸೆಟ್ಟಿಂಗಿಗೆ ಬೀಗ ಹಾಕಿರುತ್ತಾರೆ, ಅದನ್ನು ಐಟಿಯವರೇ ಬದಲಿಸಬೇಕು.

ಮೂರು, ಆಫೀಸಿನ ನಿಯಮ. ಕೆಲಸ ಮಾಡದೆ ಇಷ್ಟು ನಿಮಿಷ ಇದ್ದರೆ ಹೊರಹಾಕು ಅಂತ ಸರ್ವರಿನಲ್ಲೇ ಬರೆದಿರಬಹುದು. ಪ್ರತಿ ಸಲವೂ ಗಡಿಯಾರ ಇಟ್ಟಂತೆ ಅಷ್ಟೇ ಹೊತ್ತಿಗೆ ಕಟ್ ಆಗುತ್ತಿದ್ದರೆ ಇದೇ ಅನ್ನಿ. ಸರಿಯಾಗಿ ಒಂದು ಗಂಟೆಗೆ ಬೀಳುತ್ತಿದ್ದರೆ ಮಾಹಿತಿಯನ್ನು ಗುಟ್ಟಾಗಿಡುವ ಕೀಲಿ ಬದಲಾಯಿಸುವ ಹೊತ್ತಿನಲ್ಲಿ ಏನೋ ಎಡವುತ್ತಿದೆ ಅಂತ ಅನುಮಾನ ಪಡಬಹುದು. ಓಪನ್‌ವಿಪಿಎನ್ ಮಾಮೂಲಿಯಾಗಿ 3,600 ಸೆಕೆಂಡಿಗೊಮ್ಮೆ ಕೀಲಿ ಬದಲಿಸುತ್ತದೆ. ಎರಡರಲ್ಲೂ ನಿಮ್ಮ ರೂಟರಿನ ತಪ್ಪಿಲ್ಲ.

'ಕನೆಕ್ಟೆಡ್' ಅಂತ ತೋರಿಸುತ್ತದೆ, ಆದರೆ ಮೇಲ್ ತೆರೆಯಲ್ಲ, ರಿಮೋಟ್ ಡೆಸ್ಕ್‌ಟಾಪ್ ಕಪ್ಪಾಗಿ ನಿಲ್ಲುತ್ತದೆ. ಇದೇನು?

ಬಹಳ ಜನರನ್ನು ಸತಾಯಿಸುವ ತೊಂದರೆ ಇದು. ಲಾಗಿನ್ ಆಗುತ್ತದೆ, ಚಾಟ್ ಹೋಗುತ್ತದೆ, ದೊಡ್ಡ ಫೈಲ್ ಮಾತ್ರ ಅಲ್ಲಾಡುವುದಿಲ್ಲ. ಹೀಗಾದರೆ ಎಂಟಿಯು ನೋಡಿ. ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ.

ಸಾಮಾನ್ಯ ಮಿತಿ 1,500 ಬೈಟ್. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವ ಪಿಪಿಪಿಒಇ ಲೈನಿನಲ್ಲಿ 8 ಬೈಟ್ ಅದಕ್ಕೇ ಹೋಗಿ 1,492 ಉಳಿಯುತ್ತದೆ. ಬಿಎಸ್‌ಎನ್‌ಎಲ್ ಫೈಬರ್ ಇಂಥದ್ದೇ. ಅದರ ಮೇಲೆ ವಿಪಿಎನ್ ಪ್ರತಿ ಪ್ಯಾಕೆಟ್ಟಿಗೂ ತನ್ನದೊಂದು ಹೊದಿಕೆ ಹೊದಿಸುತ್ತದೆ. ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಬರುವವರು ದಣಪೆ ಹತ್ತಿರ ಸಿಕ್ಕಿಕೊಳ್ಳುತ್ತಾರಲ್ಲ, ಹಾಗೇ ದಪ್ಪ ಪ್ಯಾಕೆಟ್ ದಾರಿಯಲ್ಲಿ ನಿಂತುಬಿಡುತ್ತದೆ. ಸಣ್ಣವು ದಾಟಿಹೋಗುತ್ತವೆ. 'ದೊಡ್ಡದಾಯಿತು, ಚಿಕ್ಕದು ಕಳಿಸು' ಅಂತ ವಾಪಸ್ ಬರಬೇಕಾದ ಸೂಚನೆಯನ್ನು ಎಷ್ಟೋ ಫೈರ್‌ವಾಲ್‌ಗಳು ತಡೆದುಬಿಡುತ್ತವೆ. ಹಾಗಾಗಿ ಕಳಿಸಿದವರಿಗೆ ಗೊತ್ತೇ ಆಗುವುದಿಲ್ಲ.

ಅಳತೆ ಹೀಗೆ ಮಾಡಿ. ವಿಪಿಎನ್ ಆಫ್ ಇರಲಿ. 'ಪಿಂಗ್ 8.8.8.8 -ಎಫ್ -ಎಲ್ 1472' (ping 8.8.8.8 -f -l 1472) ಕೊಡಿ. 'ತುಂಡು ಮಾಡಬೇಕಾಗಿದೆ, ಆದರೆ ಬೇಡ ಅಂದಿದ್ದೀರಿ' ಅನ್ನುವ ಅರ್ಥದ ಇಂಗ್ಲಿಷ್ ಸಾಲು ಬಂದರೆ, ಅಥವಾ ಉತ್ತರವೇ ಬರದಿದ್ದರೆ, ಸಂಖ್ಯೆ ಇಳಿಸಿ: 1464, 1450, 1440. ಉತ್ತರ ಬರುವ ಅತಿ ದೊಡ್ಡ ಸಂಖ್ಯೆಗೆ 28 ಸೇರಿಸಿದರೆ ನಿಮ್ಮ ಲೈನಿನ ಎಂಟಿಯು. 1464 ದಾಟಿದರೆ 1,492. 8.8.8.8 ದೊಡ್ಡ ಪಿಂಗ್‌ಗೆ ಸರಿಯಾಗಿ ಉತ್ತರಿಸದಿದ್ದರೆ 1.1.1.1ಕ್ಕೆ ಮಾಡಿ ನೋಡಿ.

ರೂಟರಿನ ವ್ಯಾನ್ ಪುಟದಲ್ಲಿ ಎಂಟಿಯು 1,500 ಅಂತ ಇದ್ದು ಲೈನು 1,492ರದ್ದಾದರೆ ಅದನ್ನು ಸರಿ ಮಾಡಿ. ಆಮೇಲೆ ವಿಪಿಎನ್. ವೈರ್‌ಗಾರ್ಡ್ ಸಾಮಾನ್ಯವಾಗಿ 1,420 ಇಟ್ಟುಕೊಳ್ಳುತ್ತದೆ. ಅದನ್ನು 1,380ಕ್ಕೆ ಇಳಿಸಿ ನೋಡಿ. ಆಗಲೂ ಸಿಕ್ಕಿಕೊಂಡರೆ 1,280. ವೇಗದಲ್ಲಿ ಆಗುವ ನಷ್ಟ ಅತಿ ಸಣ್ಣದು. ಕೆಲಸ ನಡೆಯುವುದು ಮುಖ್ಯ ಅಲ್ವಾ?

ವಿಪಿಎನ್ ಕಟ್ ಆಗದೆ ನಿಂತಿದೆ, ಆದರೆ ಆಫೀಸಿನ ಕೆಲವು ಫೋಲ್ಡರ್, ಪ್ರಿಂಟರ್ ಮಾತ್ರ ಸಿಗುವುದಿಲ್ಲ.

ನಿಮ್ಮ ಮನೆಯ ವಿಳಾಸಗಳೂ ಆಫೀಸಿನ ವಿಳಾಸಗಳೂ 192.168.1 ಅಂತಲೇ ಶುರುವಾಗುತ್ತಿರಬಹುದು. 192.168.1.20 ಬೇಕು ಅಂದಾಗ ಲ್ಯಾಪ್‌ಟಾಪ್ ಅದನ್ನು ಮನೆಯೊಳಗೇ ಹುಡುಕುತ್ತದೆ, ಆಫೀಸಿಗೆ ಕಳಿಸುವುದೇ ಇಲ್ಲ. ಮನೆಯ ರೂಟರಿನ ಲ್ಯಾನ್ ವಿಳಾಸವನ್ನು 192.168.87.1ರಂತೆ ಯಾರೂ ಬಳಸದ ಒಂದಕ್ಕೆ ಬದಲಿಸಿ. ಮನೆಯ ಎಲ್ಲ ಸಾಧನಗಳನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಸಿಸಿಟಿವಿಗೆ ಖಾಯಂ ವಿಳಾಸ ಕೊಟ್ಟಿದ್ದರೆ ಅದನ್ನೂ ಬದಲಿಸಬೇಕಾಗುತ್ತದೆ.

ಸಂಜೆ ಹೊತ್ತು ಮಾತ್ರ ತೊಂದರೆ. ಅಮೆರಿಕದ ಶಿಫ್ಟ್ ಶುರುವಾಗುವುದೇ ಆಗ.

ರೂಟರಿನ ಪಿಂಗ್ ಸರಿಯಾಗಿದ್ದು 8.8.8.8ರದ್ದು ಹಗಲಿಗಿಂತ ಸಂಜೆ ನಾಲ್ಕಾರು ಪಟ್ಟು ಏರಿದರೆ ಎರಡು ಸಾಧ್ಯತೆ. ಬೀದಿಯ ಎಲ್ಲರೂ ಒಟ್ಟಿಗೆ ಬಳಸುತ್ತಿದ್ದಾರೆ, ಅಥವಾ ನಿಮ್ಮದೇ ಮನೆಯಲ್ಲಿ ಅಪ್‌ಲೋಡ್ ತುಂಬಿಹೋಗಿದೆ. ಕ್ಲೌಡಿಗೆ ವಿಡಿಯೋ ಕಳಿಸುವ ಕ್ಯಾಮೆರಾ, ವೈಫೈ ಸಿಕ್ಕಿದ ಕೂಡಲೇ ಫೋಟೋ ಏರಿಸುವ ಫೋನ್, ಇವು ಸದ್ದಿಲ್ಲದೆ ಲೈನು ತುಂಬಿಸುತ್ತವೆ. ಅವೆಲ್ಲ ಆಫ್ ಮಾಡಿ ಪಿಂಗ್ ನೋಡಿ. ಇಳಿದರೆ ರೂಟರಿನ ಕ್ಯೂಒಎಸ್‌ (ಯಾವ ಸಾಧನಕ್ಕೆ ಎಷ್ಟು ಅಂತ ಹಂಚುವ) ಪುಟದಲ್ಲಿ ಅವುಗಳ ಅಪ್‌ಲೋಡಿಗೆ ಮಿತಿ ಹಾಕಿ. ಇಳಿಯದಿದ್ದರೆ ಅದು ಕಂಪನಿಯ ಜಾಲದ ದಟ್ಟಣೆ.

ಫೈಬರ್ ಪೆಟ್ಟಿಗೆ ಒಂದು, ಅದರ ಹಿಂದೆ ನಾನು ತಂದ ರೂಟರ್ ಒಂದು. ತೊಂದರೆಯೇ?

ಆಗಬಹುದು. ಎರಡೂ ನ್ಯಾಟ್ ಮಾಡುತ್ತಿದ್ದರೆ ಮರೆಯುವ ಪಟ್ಟಿಗಳೂ ಎರಡಾದವು. ಒಂದನ್ನು ಸುಮ್ಮನಿರಿಸಿ. ಫೈಬರ್ ಪೆಟ್ಟಿಗೆಯನ್ನು ಬ್ರಿಡ್ಜ್ ಮಾಡಿಸಿ (ಅಂದರೆ ಅದು ನ್ಯಾಟ್ ಮಾಡದೆ ಲೈನನ್ನು ಹಾಗೇ ದಾಟಿಸುವಂತೆ ಮಾಡಿಸಿ) ನಿಮ್ಮ ರೂಟರಿನಲ್ಲಿ ಡಯಲ್ ಮಾಡಿ. ಅದು ಆಗದಿದ್ದರೆ ನಿಮ್ಮ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಬ್ರಿಡ್ಜ್ ಮಾಡುವ ಮೊದಲು ಡಯಲ್ ಯೂಸರ್‌ನೇಮ್, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ.

ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬರುವ ಕರೆಯನ್ನು ಮನೆಯೊಳಗಿನ ಒಂದು ಸಾಧನಕ್ಕೆ ದಾಟಿಸುವುದು) ಮಾಡಬೇಕಾ?

ಮನೆಯಿಂದ ಆಫೀಸಿಗೆ ಹೋಗುವ ವಿಪಿಎನ್‌ಗೆ ಬೇಡವೇ ಬೇಡ. ಐಪಿಸೆಕ್ ಬಗೆಯದಾದರೆ ರೂಟರಿನಲ್ಲಿ 'ಐಪಿಸೆಕ್ ಪಾಸ್‌ಥ್ರೂ' ಆನ್ ಇದೆಯಾ ನೋಡಿ, ಅಷ್ಟೇ. ಅದು ಯುಡಿಪಿ 500 ಮತ್ತು 4500 ಪೋರ್ಟ್ ಬಳಸುತ್ತದೆ. ಗಂಡ, ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿದ್ದು, ಒಬ್ಬರು ಸೇರಿದ ಕೂಡಲೇ ಇನ್ನೊಬ್ಬರದು ಬೀಳುತ್ತಿದ್ದರೆ 4500ರ ಮೂಲಕ ಹೋಗುವ ನ್ಯಾಟ್ ಟ್ರಾವರ್ಸಲ್ ಆನ್ ಮಾಡಿಸಲು ಐಟಿಯವರಿಗೆ ಹೇಳಿ. ಆಫೀಸು ಇನ್ನೂ ಪಿಪಿಟಿಪಿ ಅನ್ನುವ ಹಳೇ ಬಗೆಯ ವಿಪಿಎನ್ ಬಳಸುತ್ತಿದ್ದರೆ ಬಿಡಲು ಒತ್ತಾಯಿಸಿ. ಅದರ ಭದ್ರತೆ ಮುರಿದು ಬಹಳ ಕಾಲವಾಯಿತು. ಆಪಲ್ 2016ರಲ್ಲೇ ಐಫೋನಿನಿಂದ ಅದನ್ನು ತೆಗೆದುಹಾಕಿತು.

ಯುಡಿಪಿ ಒಳ್ಳೆಯದೋ ಟಿಸಿಪಿ ಒಳ್ಳೆಯದೋ?

ಆಯ್ಕೆ ಇದ್ದರೆ ಯುಡಿಪಿ. ಟಿಸಿಪಿ ಅಂದರೆ ತಲುಪದ ಪ್ಯಾಕೆಟ್ಟನ್ನು ಮತ್ತೆ ಕಳಿಸುವ ಬಗೆ. ಟಿಸಿಪಿಯೊಳಗೆ ಟಿಸಿಪಿ ಹಾಕಿದಾಗ, ಪ್ಯಾಕೆಟ್ ಕಳೆದುಹೋಗುವ ಲೈನಿನಲ್ಲಿ ಹೊರಗಿನದೂ ಒಳಗಿನದೂ ಒಟ್ಟಿಗೇ ಮರುಕಳಿಸಲು ಹೊರಟು ಎಲ್ಲವೂ ಮಂದವಾಗುತ್ತದೆ. ಯುಡಿಪಿ ಸೇರಲೇ ಇಲ್ಲ, ಅಥವಾ ಸೇರಿ ಕೂಡಲೇ ಬೀಳುತ್ತದೆ ಅಂತಾದರೆ ಮಾತ್ರ ಟಿಸಿಪಿಯ 443 ಪೋರ್ಟ್.

ತೋಟದ ಕ್ಯಾಮೆರಾ ನೋಡಲು ಮನೆಯಲ್ಲೇ ವಿಪಿಎನ್ ಸರ್ವರ್ ಇಟ್ಟೆ. ಬೆಂಗಳೂರಿನಿಂದ ಸೇರುವುದೇ ಇಲ್ಲ.

ರೂಟರಿನ ಪುಟದಲ್ಲಿ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಹೊರವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿರುತ್ತಾರೆ. ಹೊರಗಿನಿಂದ ಬರುವ ಕರೆ ನಿಮ್ಮ ಮನೆಗೆ ಅಂತ ತಲುಪುವುದಿಲ್ಲ. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಪ್ರಯೋಜನ ಇಲ್ಲ. ನೆಟ್ ಕಂಪನಿಯಿಂದ ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ಹೊರವಿಳಾಸ) ತೆಗೆದುಕೊಳ್ಳಿ, ಇಲ್ಲವೇ ಟೇಲ್‌ಸ್ಕೇಲ್‌ನಂತೆ ಎರಡೂ ತುದಿಯಿಂದ ಹೊರಗೆ ಹೋಗಿ ಸೇರುವ ವ್ಯವಸ್ಥೆ ಬಳಸಿ.

ಕರೆಂಟ್ ಹೋಗಿ ಬಂದರೆ ವಿಪಿಎನ್ ಬೀಳುತ್ತದೆ. ಇನ್ವರ್ಟರ್ ಇದೆಯಲ್ಲ?

ಇನ್ವರ್ಟರ್ ಇದ್ದರೂ ಲೈನಿನಿಂದ ಬ್ಯಾಟರಿಗೆ ಹಾರುವಾಗ ಒಂದು ಸಣ್ಣ ಬಿಡುವು ಇರುತ್ತದೆ. ಫ್ಯಾನ್, ದೀಪಕ್ಕೆ ಅದು ಗೊತ್ತಾಗುವುದಿಲ್ಲ. ರೂಟರ್ ಮಾತ್ರ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಫೈಬರ್ ಪೆಟ್ಟಿಗೆ ಎದ್ದು, ಲೈನು ಹಿಡಿದು, ಡಯಲ್ ಆಗುವ ಹೊತ್ತಿಗೆ ಒಂದೆರಡು ನಿಮಿಷ ಕಳೆದಿರುತ್ತದೆ. ಹೊರಗಿನ ಐಪಿಯೂ ಬದಲಾಗಿರಬಹುದು. ಅನೇಕ ಇನ್ವರ್ಟರುಗಳಲ್ಲಿ 'ಯುಪಿಎಸ್' ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬಿಡುವು ಕಡಿಮೆಯಾಗುತ್ತದೆ.

ಅದಕ್ಕಿಂತ ಒಳ್ಳೆಯದು ರೂಟರಿಗೆಂದೇ ಬರುವ ಸಣ್ಣ ಡಿಸಿ ಯುಪಿಎಸ್. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ಬರೆದಿರುವುದನ್ನು ಓದಿ. 12 ವೋಲ್ಟಾ, 9 ವೋಲ್ಟಾ, ಎಷ್ಟು ಆಂಪಿಯರ್? ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಜಾಸ್ತಿ ಇರಬೇಕು. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು.

ಕರೆಂಟ್ ಹೋಗದಿದ್ದರೂ ರೂಟರ್ ತಾನಾಗಿ ಮರುಶುರುವಾಗುತ್ತಿದ್ದರೆ ಅಡಾಪ್ಟರ್ ಸುಸ್ತಾಗಿದೆ ಅಂತಲೇ ಮೊದಲ ಅನುಮಾನ ಇರಲಿ. ರೂಟರಿನ ಸ್ಟೇಟಸ್ ಪುಟದಲ್ಲಿ 'ಅಪ್‌ಟೈಮ್' ನೋಡಿ. ಇಡೀ ದಿನ ಆನ್ ಇದ್ದದ್ದು 'ಎರಡು ಗಂಟೆ' ಅಂತ ತೋರಿಸಿದರೆ ಸಂಶಯವೇ ಇಲ್ಲ. ಹೊಸ ಅಡಾಪ್ಟರಿಗೆ ಹೊಸ ರೂಟರಿನಷ್ಟು ಖರ್ಚಾಗುವುದಿಲ್ಲ.

ವಿಪಿಎನ್ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ವೈರ್‌ಗಾರ್ಡ್, ಇಲ್ಲವೇ ಮೊಬೈಕ್ ಸೌಲಭ್ಯ ಇರುವ ಐಕೆಇವಿ2 ಆರಿಸಿ. ಐಪಿ ಬದಲಾದರೂ ಇವು ಮತ್ತೆ ಲಾಗಿನ್ ಕೇಳದೆ ಮುಂದುವರಿಯಬಲ್ಲವು.

ಮಳೆಗಾಲದಲ್ಲಿ ಜಾಸ್ತಿ ಕಟ್ ಆಗುತ್ತದೆ. ಮಳೆಗೆ ಫೈಬರ್ ಸೋಲುತ್ತದಾ?

ಫೈಬರಿನೊಳಗಿನ ಬೆಳಕಿಗೆ ಮಳೆಯ ಹಂಗಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಆಗುಂಬೆಯಲ್ಲೂ ಗಾಜು ಗಾಜೇ. ಕೆಡುವುದು ಸುತ್ತಲಿನದು. ಕೊಂಬೆ ಬಿದ್ದು ಕೇಬಲ್ ಜೋತಾಡುತ್ತದೆ. ಎಲ್ಲೋ ಗಟ್ಟಿಯಾಗಿ ಬಾಗಿ ಬೆಳಕು ಸೋರುತ್ತದೆ. ಜಾಯಿಂಟ್ ಪೆಟ್ಟಿಗೆಗೆ ನೀರು ಇಳಿಯುತ್ತದೆ. ಆಚೆಯ ಕಚೇರಿಯ ಬ್ಯಾಟರಿ ಖಾಲಿಯಾಗುತ್ತದೆ.

ಪೆಟ್ಟಿಗೆಯಲ್ಲಿ 'ಎಲ್‌ಒಎಸ್' ದೀಪ ಕೆಂಪಾದರೆ ಬೆಳಕು ಬರುತ್ತಿಲ್ಲ, ನೀವು ಮಾಡುವಂಥದ್ದು ಏನೂ ಇಲ್ಲ, ಲೈನಿನವರಿಗೆ ಫೋನ್ ಮಾಡಿ. ದೀಪ ಹಸಿರಿದ್ದೂ ಆಗಾಗ ಕಟ್ ಆಗುತ್ತಿದ್ದರೆ ಪೆಟ್ಟಿಗೆಯ ಪುಟದಲ್ಲಿ ಆರ್‌ಎಕ್ಸ್ ಪವರ್ (ಬರುವ ಬೆಳಕಿನ ಬಲ) ನೋಡಿ. -20 ಆಸುಪಾಸು ಇದ್ದರೆ ಚೆನ್ನ. -27 ಅಂದರೆ ಅಂಚಿನಲ್ಲಿದೆ, ಒಂದು ಗಾಳಿ ಬೀಸಿದರೆ ಹೋಗುತ್ತದೆ. ಬೇಸಿಗೆಯ ಒಂದು ಒಳ್ಳೆಯ ದಿನ ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಜುಲೈನಲ್ಲಿ ನಾಲ್ಕೈದು ಡಿಬಿ ಇಳಿದಿದ್ದರೆ ಲೈನ್ ನೋಡಲು ಬಂದವರಿಗೆ ತೋರಿಸಲು ಸಾಕ್ಷಿಯಾಗುತ್ತದೆ. ಅವರೂ ಮಳೆಯಲ್ಲಿ ಕಂಬ ಹತ್ತುವವರು. ಎಲ್ಲಿ ಹುಡುಕಬೇಕು ಅಂತ ಗೊತ್ತಾದರೆ ಅವರಿಗೂ ಉಪಕಾರ.

4ಜಿ, 5ಜಿ ಡಬ್ಬಿ ಇಟ್ಟುಕೊಂಡವರ ಕಥೆ ಬೇರೆ. ಅಲ್ಲಿ ನೆನೆದ ಎಲೆಗಳೇ ಶತ್ರು. ಮನೆಗೂ ಟವರಿಗೂ ನಡುವೆ ಅಡಿಕೆ, ಹಲಸು, ಕಾಡುಮರ ಇದ್ದರೆ ಮಳೆಯಲ್ಲಿ ಸಿಗ್ನಲ್ ಇಳಿದೇ ಇಳಿಯುತ್ತದೆ. ಆಂಟೆನಾ ಎತ್ತರಕ್ಕೆ ಒಯ್ಯುವುದೊಂದೇ ದಾರಿ.

ಗುಡುಗು ಬಂದಾಗ ಏನು ಮಾಡಲಿ?

ಅಡಾಪ್ಟರ್ ಪ್ಲಗ್ಗಿನಿಂದ ಕೀಳಿ. ಲ್ಯಾನ್ ಕೇಬಲ್‌ಗಳನ್ನೂ ಕೀಳಿ. ಇದನ್ನು ಗುಡುಗು ದೂರದಲ್ಲಿರುವಾಗಲೇ ಮಾಡಿ, ತಲೆಯ ಮೇಲೆ ಬಂದಮೇಲೆ ತಂತಿ ಮುಟ್ಟಬೇಡಿ. ಮೀಟಿಂಗ್ ಇದ್ದರೆ ಫೋನಿನ ಹಾಟ್‌ಸ್ಪಾಟಿನಲ್ಲಿ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಮುಗಿಸಿ.

ವಿಪಿಎನ್ ಬಳಸುವುದು ನಮ್ಮ ದೇಶದಲ್ಲಿ ತಪ್ಪಲ್ಲ ತಾನೇ?

ಆಫೀಸ್ ಕೆಲಸಕ್ಕೆ ಬಳಸುವುದು ತಪ್ಪಲ್ಲ. ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಸೂಚನೆಯಲ್ಲಿ ಸಾರ್ವಜನಿಕರಿಗೆ ವಿಪಿಎನ್ ಸೇವೆ ಮಾರುವವರು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಅಂತಿದೆ. ಕಂಪನಿಗಳು ತಮ್ಮ ನೌಕರರಿಗೆ ಕೊಡುವ ವಿಪಿಎನ್‌ಗೆ ಆ ನಿಯಮ ಅನ್ವಯಿಸುವುದಿಲ್ಲ ಅಂತ ಆಮೇಲೆ ಸ್ಪಷ್ಟಪಡಿಸಿದರು.

ಎಲ್ಲ ಮಾಡಿ ನೋಡಿದೆ. ಆಫೀಸಿನ ಐಟಿಯವರು 'ನಿಮ್ಮ ನೆಟ್ ಸರಿ ಇಲ್ಲ' ಅನ್ನುತ್ತಾರೆ.

ವಾದ ಬೇಡ, ದಾಖಲೆ ಕೊಡಿ. ಕಟ್ ಆದ ಹೊತ್ತಿನ ಎರಡೂ ಪಿಂಗ್ ಪರದೆಗಳ ಫೋಟೋ, ಕೇಬಲ್‌ನಲ್ಲೂ ಆಯಿತೋ ಇಲ್ಲವೋ, ಫೋನಿನ ಹಾಟ್‌ಸ್ಪಾಟಿನಲ್ಲೂ ಆಯಿತೋ ಇಲ್ಲವೋ, ಲೈನಿನ ಎಂಟಿಯು ಎಷ್ಟು, ಇಷ್ಟನ್ನು ಒಂದೇ ಮೇಲ್‌ನಲ್ಲಿ ಬರೆಯಿರಿ. ಕಟ್ ಆದ ಸಮಯವನ್ನು ನಿಮಿಷ ಸಮೇತ ಹಾಕಿ. ಸರ್ವರ್ ಲಾಗ್‌ಗಳು ಹೆಚ್ಚಾಗಿ ಯುಟಿಸಿ ಸಮಯದಲ್ಲಿರುತ್ತವೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಹಾಗಾಗಿ ಎರಡನ್ನೂ ಬರೆದುಬಿಡಿ: ಮಧ್ಯಾಹ್ನ 3:10, ಯುಟಿಸಿ 9:40. ಅವರು ಆ ನಿಮಿಷದ ಸಾಲನ್ನು ನೇರವಾಗಿ ತೆಗೆದು ನೋಡಬಹುದು.